ವಂಶಾವಳಿಯ ಸಾಲಿನಾಚೆಯ ಸ್ತ್ರೀ: ಮಾರ್ಥಾ ಬ್ಯಾಲರ್ಡಳ ದಿನಚರಿ ಮತ್ತು ಕುಟುಂಬ ದಾಖಲೆಗಳ ಮಿತಿ

ಕುಟುಂಬ ಚರಿತ್ರೆಯ ಆಕರಗಳು ಹೆಣ್ಣಿನ ಬಗ್ಗೆ ಹೇಳುವುದಕ್ಕಿಂತ ಅವಳನ್ನು ದಾಟಿಹೋಗುವುದೇ ಹೆಚ್ಚು. ವಂಶಾವಳಿಯ ರಚನೆಯೇ ಅಂಥದು. ತಂದೆಯಿಂದ ಮಗನಿಗೆ ಹರಿದುಬರುವ ಹೆಸರುಗಳ ಸಾಲಿನಲ್ಲಿ ಅವಳು ಒಮ್ಮೆ ಮಗಳಾಗಿ, ಒಮ್ಮೆ ಹೆಂಡತಿಯಾಗಿ, ಒಮ್ಮೆ ತಾಯಿಯಾಗಿ ಕಾಣಿಸಿಕೊಂಡು ಮರೆಯಾಗುತ್ತಾಳೆ. ಈ ಮೂರು ಸ್ಥಾನಗಳ ನಡುವೆ ಅವಳು ಏನು ಮಾಡುತ್ತಿದ್ದಳು ಎಂಬ ಪ್ರಶ್ನೆಯನ್ನು ವಂಶಾವಳಿ ಕೇಳಿಕೊಳ್ಳುವುದಿಲ್ಲ. ಅದರ ಅಗತ್ಯವೂ ಅದಕ್ಕಿಲ್ಲ. ದಾಖಲೆಗಳು ಕಡಿಮೆ ಇರುವ ಸಮಾಜಗಳಲ್ಲಿ ಮಾತ್ರ ಹೀಗಾಗುತ್ತದೆ ಎಂದು ತಿಳಿಯುವುದು ಸರಿಯಲ್ಲ. ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡಿನ ಪಟ್ಟಣಗಳು ಹದಿನೇಳನೆಯ ಶತಮಾನದಿಂದಲೇ ಜನನ, ವಿವಾಹ, ಮರಣಗಳನ್ನು ಬರೆದಿಡುತ್ತ ಬಂದವು. 1845ರಷ್ಟು ಹಿಂದೆಯೇ ಬಾಸ್ಟನ್ನಿನಲ್ಲಿ ವಂಶಾವಳಿಗಳ ಅಧ್ಯಯನಕ್ಕೆಂದೇ ಒಂದು ಸಂಘ ಸ್ಥಾಪನೆಯಾಯಿತು. ಆದರೂ 1790ರಲ್ಲಿ ನಡೆದ ಆ ದೇಶದ ಮೊದಲ ಜನಗಣತಿ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದುಕೊಂಡು ಉಳಿದವರನ್ನು ಅಂಕಿಗಳಾಗಿ ಎಣಿಸಿತು. ಗಂಡನ ಮನೆಯಲ್ಲಿರುವ ಹೆಂಗಸಿನ ಹೆಸರು ಗಣತಿಯ ಹಾಳೆಗೆ ಬರಲು 1850ರವರೆಗೆ ಕಾಯಬೇಕಾಯಿತು. ವಲಸೆ ಹೋಗಿ ಹೊಸ ನೆಲದಲ್ಲಿ ಬದುಕು ಕಟ್ಟಿದ ಮೊದಲ ತಲೆಮಾರಿನ ಸ್ತ್ರೀಯರನ್ನು ಹುಡುಕಿ ಹೊರಡುವವರಿಗೆ ಎದುರಾಗುವ ತೊಡಕಿನ ಮೂಲ ಇಲ್ಲಿದೆ.

ಈ ತೊಡಕನ್ನು ಪರಿಶೀಲಿಸಲು ಮಾರ್ಥಾ ಬ್ಯಾಲರ್ಡಳ ಉದಾಹರಣೆಗಿಂತ ಉತ್ತಮವಾದುದು ಸಿಗಲಾರದು. ಆಕೆ 1735ರಲ್ಲಿ ಮ್ಯಾಸಚೂಸೆಟ್ಸಿನ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ ಮೂರ್ ಮನೆತನದಲ್ಲಿ ಹುಟ್ಟಿದಳು. 1754ರಲ್ಲಿ ಎಫ್ರೇಮ್ ಬ್ಯಾಲರ್ಡನನ್ನು ಮದುವೆಯಾದಳು. ಒಂಬತ್ತು ಮಕ್ಕಳ ತಾಯಿಯಾದಳು. 1769ರ ಬೇಸಿಗೆಯಲ್ಲಿ ಊರಿಗೆ ಬಂದೆರಗಿದ ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಮೂವರು ಹೆಣ್ಣುಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಅದೇ ದಿನಗಳಲ್ಲಿ ಆಕೆ ಇನ್ನೊಂದು ಹೆಣ್ಣುಮಗುವನ್ನು ಹೆತ್ತಳು. 1777ರಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಉತ್ತರದ ಮೇನ್ ಪ್ರಾಂತದ ಕೆನೆಬೆಕ್ ನದಿಯ ದಂಡೆಯಲ್ಲಿದ್ದ ಹ್ಯಾಲೊವೆಲ್ ಎಂಬ ಹೊಸ ವಸಾಹತಿಗೆ ಬಂದಳು. ಆ ಊರಿನ ಒಂದು ಭಾಗವೇ 1797ರಲ್ಲಿ ಬೇರೆಯಾಗಿ ಆಗಸ್ಟಾ ಎಂಬ ಹೆಸರು ಪಡೆಯಿತು. ಆಕೆ 1812ರಲ್ಲಿ ತೀರಿಕೊಂಡಾಗ ಸ್ಥಳೀಯ ಪತ್ರಿಕೆ ಒಂದೇ ಸಾಲಿನಲ್ಲಿ ವರದಿ ಮಾಡಿತು. ಆ ಸಾಲಿನಲ್ಲಿಯೂ ಆಕೆ ಎಫ್ರೇಮ್ ಬ್ಯಾಲರ್ಡನ ಪತ್ನಿ. ಆಕೆಯ ಹೆಸರಿನ ಸಮಾಧಿಕಲ್ಲು ಉಳಿದಿಲ್ಲ. ಕಂದಾಯದ ಪಟ್ಟಿಗಳಲ್ಲಿ, ಊರಸಭೆಯ ಕಡತಗಳಲ್ಲಿ, ಜನಗಣತಿಯಲ್ಲಿ ಗಂಡನ ಹೆಸರಿದೆ. ವಂಶಾವಳಿಕಾರನು ತನ್ನೆಲ್ಲ ಪರಿಶ್ರಮದ ಬಳಿಕ ಸೇರಿಸಬಹುದಾದದ್ದು ಇಷ್ಟೇ. ಇದರಲ್ಲಿ ತಪ್ಪಾದುದೇನೂ ಇಲ್ಲ. ಆದರೆ ಇಪ್ಪತ್ತೇಳು ವರ್ಷಗಳಲ್ಲಿ 816 ಮಕ್ಕಳ ಜನನಕ್ಕೆ ಒದಗಿದ ಸೂಲಗಿತ್ತಿಯೊಬ್ಬಳು ಆ ಊರಿನಲ್ಲಿದ್ದಳು ಎಂಬ ಸಂಗತಿ ಇದರಲ್ಲಿ ಎಲ್ಲಿಯೂ ಇಲ್ಲ.

ಆ ಸಂಗತಿ ಇರುವುದು ಆಕೆಯೇ ಬರೆದಿಟ್ಟ ದಿನಚರಿಯಲ್ಲಿ. 1785ರ ಜನವರಿ 1ರಿಂದ 1812ರ ಮೇ ತಿಂಗಳ ಮೊದಲ ವಾರದವರೆಗೆ, ಹೆಚ್ಚುಕಡಿಮೆ ಹತ್ತು ಸಾವಿರ ದಿನಗಳ ನಮೂದುಗಳು ಅದರಲ್ಲಿವೆ. ಹಾಳೆಗಳನ್ನು ಮಡಿಚಿ ಕೈಯಿಂದ ಹೊಲಿದ ಪುಟ್ಟ ಪುಸ್ತಿಕೆಗಳು. ಪ್ರತಿದಿನದ ಬರಹ ಸಾಮಾನ್ಯವಾಗಿ ಹವೆಯಿಂದ ಆರಂಭವಾಗುತ್ತದೆ. ಬಳಿಕ ಯಾರ ಮನೆಗೆ ಹೋದದ್ದು, ಯಾರು ಬಂದದ್ದು, ಮಗ್ಗದ ಮೇಲಿನ ಬಟ್ಟೆ, ತೋಟದ ಬಿತ್ತನೆ, ರೋಗಿಗೆ ಕೊಟ್ಟ ಕಷಾಯ, ಹುಟ್ಟು, ಸಾವು. ಅಂಚಿನಲ್ಲಿ ಆ ವರ್ಷದ ಹೆರಿಗೆಗಳ ಕ್ರಮಸಂಖ್ಯೆ. ಕೂಲಿ ಸಂದಿದ್ದರೆ ಎರಡು ಗುಣಾಕಾರ ಚಿಹ್ನೆಗಳು. ಕನ್ನಡದ 'ಸೂಲಗಿತ್ತಿ' ಎಂಬ ಪದ ಆಕೆಯ ಕಸುಬಿನ ಒಂದು ಭಾಗವನ್ನಷ್ಟೇ ಹಿಡಿದುಕೊಡುತ್ತದೆ. ಮದ್ದು ಕಾಯಿಸುವುದು, ಹುಣ್ಣಿಗೆ ಲೇಪ ಹಚ್ಚುವುದು, ಜ್ವರದ ಮನೆಗಳಲ್ಲಿ ರಾತ್ರಿ ಎಚ್ಚರವಿರುವುದು, ಸತ್ತವರ ದೇಹವನ್ನು ಸಂಸ್ಕಾರಕ್ಕೆ ಅಣಿಗೊಳಿಸುವುದು, ವೈದ್ಯರು ಶವಪರೀಕ್ಷೆ ನಡೆಸುವಾಗ ಹಾಜರಿದ್ದು ಕಂಡದ್ದನ್ನು ಬರೆಯುವುದು, ಇವೆಲ್ಲ ಅದರೊಳಗೆ ಸೇರಿದ್ದವು. ಹೆರಿಗೆಯ ಸಮಯದಲ್ಲಿ ಆಕೆಯ ಕೈಯಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಬಾಣಂತನದ ದಿನಗಳಲ್ಲಿ ಸತ್ತವರು ಐವರು. ಈ ಲೆಕ್ಕ ಯಾವ ಆಸ್ಪತ್ರೆಯ ಕಡತದ್ದೂ ಅಲ್ಲ, ದಿನಚರಿಯ ಅಂಚಿನದು.

ಇಂಥದೊಂದು ಆಕರ ಉಳಿದುಬಂದ ರೀತಿ ಮೊದಲು ಚರ್ಚೆಗೆ ಅರ್ಹವಾದುದು. ಅದನ್ನು ಕಾಪಾಡಿದ್ದು ಕುಟುಂಬ. ಅದರಲ್ಲಿಯೂ ಕುಟುಂಬದ ಹೆಂಗಸರು. ಮಾರ್ಥಾಳ ಮಗಳು ಡಾಲಿ ಲ್ಯಾಂಬರ್ಡಳಿಂದ ಆಕೆಯ ಹೆಣ್ಣುಮಕ್ಕಳಿಗೆ, ಅವರಿಂದ 1884ರಲ್ಲಿ ಮೇರಿ ಹೋಬಾರ್ಟ್ ಎಂಬ ಮರಿಮೊಮ್ಮಗಳ ಮಗಳಿಗೆ ಅದು ಬಂದಿತು. ಹೋಬಾರ್ಟ್ ಆ ವರ್ಷವೇ ವೈದ್ಯಕೀಯ ಪದವಿ ಪಡೆದ ವೈದ್ಯೆ. ಹೆರಿಗೆಯ ಕಸುಬಿನ ಅಜ್ಜಿಯ ಬರಹ ಮನೆತನದ ವೈದ್ಯೆಗೆ ಸೇರುವುದು ಉಚಿತವೆಂದು ಕುಟುಂಬದವರು ಭಾವಿಸಿದಂತೆ ಕಾಣುತ್ತದೆ. ಬಿಡಿಬಿಡಿಯಾಗಿದ್ದ ಪುಸ್ತಿಕೆಗಳು ಎರಡು ಸಂಪುಟಗಳಾಗಿ ಕಟ್ಟಲ್ಪಟ್ಟವು. 1930ರಲ್ಲಿ ಹೋಬಾರ್ಟ್ ಅವನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಒಪ್ಪಿಸಿದಳು. ಗಂಡಸರ ಹೆಸರಿನ ವಂಶಾವಳಿ ಒಂದು ದಿಕ್ಕಿನಲ್ಲಿ ಹರಿದರೆ, ದಿನಚರಿ ತಾಯಿಯಿಂದ ಮಗಳಿಗೆ ಇನ್ನೊಂದು ದಿಕ್ಕಿನಲ್ಲಿ ಹರಿದಿದೆ. ಬ್ಯಾಲರ್ಡ್ ಎಂಬ ಹೆಸರಿನ ಮನೆಯಲ್ಲಿಯೇ ಅದು ಉಳಿದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ವ್ಯರ್ಥ. ಆದರೆ ಸ್ತ್ರೀ ಪೂರ್ವಜೆಯರ ಆಕರಗಳನ್ನು ಹುಡುಕುವವರು ಮನೆತನದ ಹೆಸರನ್ನು ಬಿಟ್ಟು ಹೆಣ್ಣುಮಕ್ಕಳ ಮದುವೆಯ ಜಾಡನ್ನು ಹಿಡಿಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕಾಪಾಡುವುದು ಬೇರೆ, ಓದುವುದು ಬೇರೆ. ಆಗಸ್ಟಾ ಪಟ್ಟಣದ ಚರಿತ್ರೆಯನ್ನು 1870ರಲ್ಲಿ ಪ್ರಕಟಿಸಿದ ಜೇಮ್ಸ್ ನಾರ್ತ್ ಈ ದಿನಚರಿಯನ್ನು ನೋಡಿದ್ದನು. ಅದರ ನಮೂದುಗಳು ಚಿಕ್ಕವು, ಕೆಲವನ್ನು ಬಿಟ್ಟರೆ ಸಾರ್ವಜನಿಕ ಆಸಕ್ತಿಯವಲ್ಲ ಎಂಬ ಅಭಿಪ್ರಾಯ ಅವನದು. ಚಾರ್ಲ್ಸ್ ನ್ಯಾಶ್ ಇನ್ನೂ ಉದಾರಿ. ತನ್ನ ಆಗಸ್ಟಾ ಚರಿತ್ರೆಯಲ್ಲಿ ದಿನಚರಿಯ ದೊಡ್ಡ ಭಾಗವನ್ನು ಸಂಗ್ರಹಿಸಿ ಕೊಟ್ಟನು. ಆದರೆ ಲೈಂಗಿಕತೆಗೆ ಸಂಬಂಧಿಸಿದ ಸಂಗತಿಗಳನ್ನು ಸಭ್ಯತೆಯ ದೃಷ್ಟಿಯಿಂದ ಕೈಬಿಟ್ಟನು. 1904ರಲ್ಲಿ ಅಚ್ಚಾದ ಆ ಹಾಳೆಗಳು ಗ್ರಂಥರೂಪದಲ್ಲಿ ಹೊರಬಂದದ್ದು 1961ರಲ್ಲಿ. ಇದಕ್ಕಿಂತ ಅಚ್ಚರಿಯೆಂದರೆ, 1970ರ ದಶಕದಲ್ಲಿ ಸೂಲಗಿತ್ತಿಯರ ಚರಿತ್ರೆಯನ್ನೇ ಬರೆಯಹೊರಟ ಅಧ್ಯಯನವೊಂದು ಈ ದಿನಚರಿಯಲ್ಲಿ ಮನೆಗೆಲಸದ ಕ್ಷುಲ್ಲಕ ವಿವರಗಳೇ ತುಂಬಿವೆಯೆಂಬ ಹಳೆಯ ತೀರ್ಪನ್ನು ಪುನರುಚ್ಚರಿಸಿತು. ಸ್ಥಳೀಯ ಚರಿತ್ರೆಕಾರನ ಉದಾಸೀನವನ್ನು ಕಾಲದ ಮಿತಿಯೆಂದು ಕ್ಷಮಿಸಬಹುದು. ಸ್ತ್ರೀಯರ ಚರಿತ್ರೆಯನ್ನು ವಿಷಯವಾಗಿಸಿಕೊಂಡ ಅಧ್ಯಯನದ ಉದಾಸೀನವನ್ನು ಹಾಗೆ ಕ್ಷಮಿಸಲಾಗದು. ಘಟನೆಯನ್ನು ಹುಡುಕುವ ಕಣ್ಣಿಗೆ ದಿನಗಳು ಕಾಣಿಸುವುದಿಲ್ಲ ಎಂಬುದು ಇಲ್ಲಿನ ತೊಡಕು.

ಲಾರೆಲ್ ಥ್ಯಾಚರ್ ಅಲ್ರಿಕ್ ಅವರ 'ಎ ಮಿಡ್‌ವೈಫ್ಸ್ ಟೇಲ್' 1990ರಲ್ಲಿ ಪ್ರಕಟವಾಗಿ, ಮರುವರ್ಷ ಚರಿತ್ರೆಗೆ ಮೀಸಲಾದ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ಪ್ರಶಸ್ತಿಗಿಂತ ಮುಖ್ಯವಾದುದು ಆ ಗ್ರಂಥದ ವಿಧಾನ. ಪ್ರತಿ ಅಧ್ಯಾಯದ ಆರಂಭದಲ್ಲಿ ದಿನಚರಿಯ ಕೆಲವು ದಿನಗಳ ನಮೂದುಗಳನ್ನು ಮಾರ್ಥಾಳ ಕಾಗುಣಿತದಲ್ಲಿಯೇ ಕೊಟ್ಟು, ಓದುಗನನ್ನು ಅವುಗಳ ಒಣತನದ ಎದುರು ನಿಲ್ಲಿಸಿ, ಆಮೇಲೆ ಒಂದೊಂದು ಹೆಸರನ್ನೂ ಪಟ್ಟಣದ ವಿವಾಹ ದಾಖಲೆ, ಕಂದಾಯ ಪಟ್ಟಿ, ನ್ಯಾಯಾಲಯದ ಕಡತ, ನಕಾಶೆ, ನೆರೆಯವನಾದ ಹೆನ್ರಿ ಸೂವಲನ ದಿನಚರಿ ಇವುಗಳೊಡನೆ ಜೋಡಿಸುತ್ತ ಹೋಗುವುದು ಅದರ ಕ್ರಮ. ವಂಶಾವಳಿಕಾರನ ಉಪಕರಣಗಳೇ ಇವು. ವ್ಯತ್ಯಾಸವಿರುವುದು ಬಳಕೆಯಲ್ಲಿ. ವಂಶಾವಳಿಕಾರನು ಒಬ್ಬಳಿಂದ ಕೆಳಕ್ಕೆ, ತನ್ನ ಕಡೆಗೆ ಇಳಿದು ಬರುತ್ತಾನೆ. ಅಲ್ರಿಕ್ ಒಬ್ಬಳಿಂದ ಅಡ್ಡಕ್ಕೆ, ಅವಳ ನೆರೆಮನೆಗಳ ಕಡೆಗೆ ನಡೆಯುತ್ತಾರೆ.

ಅಡ್ಡಕ್ಕೆ ನಡೆದಾಗ ಸಿಗುವ ಫಲಕ್ಕೆ ಒಂದು ಉದಾಹರಣೆ ಸಾಕು. 1785ರಿಂದ 1797ರವರೆಗೆ ಮಾರ್ಥಾ ಹೆರಿಗೆ ಮಾಡಿಸಿದ ಚೊಚ್ಚಲು ಬಸುರಿಯರಲ್ಲಿ 106 ಮಂದಿಯ ವಿವಾಹದ ದಿನಾಂಕಗಳೊಡನೆ ಮಗು ಹುಟ್ಟಿದ ದಿನಾಂಕಗಳನ್ನು ಹೋಲಿಸಿದಾಗ, 40 ಮಂದಿ, ಅಂದರೆ ಶೇಕಡಾ 38ರಷ್ಟು ಸ್ತ್ರೀಯರು ಮದುವೆಗೆ ಮುಂಚೆಯೇ ಗರ್ಭ ಧರಿಸಿದ್ದರೆಂದು ತಿಳಿದುಬರುತ್ತದೆ. ನ್ಯೂ ಇಂಗ್ಲೆಂಡಿನ ಪೂರ್ವಿಕರ ನೀತಿನಿಷ್ಠೆಯ ಬಗ್ಗೆ ಅವರ ಸಂತತಿ ಕಟ್ಟಿಕೊಂಡ ಚಿತ್ರದೊಡನೆ ಈ ಅಂಕಿ ಹೊಂದುವುದಿಲ್ಲ. ಆದರೆ ಅಲ್ರಿಕ್ ಇದನ್ನು ಗುಟ್ಟು ಬಯಲಾಯಿತೆಂಬ ಧಾಟಿಯಲ್ಲಿ ಹೇಳುವುದಿಲ್ಲ. ಅವಿವಾಹಿತೆ ಹೆರುವಾಗ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳಬೇಕು. ನೋವಿನ ನಡುವೆ ಅವಳು ಹೇಳಿದ ಹೆಸರಿಗೆ ಕಾನೂನು ಬೆಲೆ ಕೊಡುತ್ತಿತ್ತು, ಆ ಪುರುಷನು ಮಗುವಿನ ಪೋಷಣೆಗೆ ಹೊಣೆಯಾಗುತ್ತಿದ್ದನು. 1791ರ ಅಕ್ಟೋಬರಿನಲ್ಲಿ ಸ್ಯಾಲಿ ಪಿಯರ್ಸ್ ಎಂಬ ಅವಿವಾಹಿತೆಯ ಹೆರಿಗೆಗೆ ಮಾರ್ಥಾ ಹೋದಳು. ನಿಯಮದಂತೆ ಕೇಳಿದಳು. ಸ್ಯಾಲಿ ಹೇಳಿದ ಹೆಸರು ಮಾರ್ಥಾಳ ಮಗ ಜೊನಾಥನನದು.

ದಿನಚರಿಯಲ್ಲಿ ಆ ಹೇಳಿಕೆ ಇತರ ಹೇಳಿಕೆಗಳಂತೆಯೇ ದಾಖಲಾಗಿದೆ. ಆಶ್ಚರ್ಯ, ಲಜ್ಜೆ, ಕೋಪಗಳಿಗೆ ಅಲ್ಲಿ ಪದಗಳಿಲ್ಲ. ಕೆಲವು ತಿಂಗಳ ಬಳಿಕ ಜೊನಾಥನ್ ಸ್ಯಾಲಿಯನ್ನು ಮದುವೆಯಾದನು. ಮುಂದೆ ಬರೆಯಲ್ಪಟ್ಟ ಯಾವುದೇ ವಂಶಾವಳಿಯಲ್ಲಿ ಇದು ಒಂದು ವಿವಾಹ, ಒಂದು ಜನನ. ದಿನಾಂಕಗಳ ಕ್ರಮವನ್ನು ಗಮನಿಸಿದವನಿಗೆ ಒಂದು ಮುಜುಗರ. ದಿನಚರಿಯಲ್ಲಿ ಮಾತ್ರ ಇದು ತಾಯ್ತನ ಮತ್ತು ಕಸುಬಿನ ನಿಷ್ಠೆಗಳು ಒಂದೇ ಕೋಣೆಯಲ್ಲಿ ಎದುರಾದ ಗಳಿಗೆ. ಸ್ವಂತ ಮೊಮ್ಮಗನ ಹುಟ್ಟಿಗೆ ಆಕೆ ಅಜ್ಜಿಯಾಗಿ ಅಲ್ಲ, ಊರಿನ ಸಾಕ್ಷಿಯಾಗಿ ಹಾಜರಿದ್ದಳು. ಆ ಬರಹದ ನಿರ್ಲಿಪ್ತತೆಯನ್ನು ಭಾವಶೂನ್ಯತೆಯೆಂದು ಓದುವವರು ಕಸುಬಿನ ಶಿಸ್ತು ಎಂಬುದನ್ನು ಹೆಣ್ಣಿನಲ್ಲಿ ಗುರುತಿಸಲು ಒಲ್ಲದವರು ಎಂದೇ ಹೇಳಬೇಕಾಗುತ್ತದೆ. ವೈದ್ಯ ಬೆಂಜಮಿನ್ ಪೇಜ್ ಹೆರಿಗೆಯ ನೋವಿನಲ್ಲಿದ್ದವಳಿಗೆ ಅಫೀಮಿನ ದ್ರಾವಣ ಕೊಟ್ಟು ನೋವೇ ನಿಂತುಹೋದ ಪ್ರಸಂಗವನ್ನು ಬರೆಯುವಾಗ ಇದೇ ಲೇಖನಿಗೆ ಹರಿತವಿದೆ. ಎಲ್ಲಿ ಮಾತಾಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆಕೆ ಬಲ್ಲಳು.

ಮೌನಕ್ಕೂ ಚರಿತ್ರೆ ಇದೆಯೆಂಬುದನ್ನು ತೋರಿಸುವ ಇನ್ನೊಂದು ಪ್ರಕರಣ 1789ರದು. ಊರಿನ ಪಾದ್ರಿಯಾಗಿದ್ದ ಐಸಾಕ್ ಫಾಸ್ಟರನ ಹೆಂಡತಿ ರೆಬೆಕ್ಕಾ, ಗಂಡ ಊರಿನಲ್ಲಿಲ್ಲದಾಗ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ಮಾರ್ಥಾಳಲ್ಲಿ ಹೇಳಿಕೊಂಡಳು. ಆಪಾದಿತರಲ್ಲಿ ಒಬ್ಬನು ಜೋಸೆಫ್ ನಾರ್ತ್. ಅವನು ನ್ಯಾಯಾಧೀಶ, ಊರಿನ ಪ್ರಮುಖ. ಬೇರೆ ಯಾರಿಗೂ ಹೇಳಬೇಡವೆಂದು ಮಾರ್ಥಾ ಮೊದಲಿಗೆ ಬೇಡಿಕೊಂಡಳು. ಮೊಕದ್ದಮೆ ನಡೆದಾಗ ಹೋಗಿ ಸಾಕ್ಷಿ ಹೇಳಿದಳು. 1790ರಲ್ಲಿ ನಾರ್ತ್ ನಿರ್ದೋಷಿಯೆಂದು ತೀರ್ಪು ಬಂದಿತು. ಎಂಬತ್ತು ವರ್ಷಗಳ ಬಳಿಕ ಈ ದಿನಚರಿಯಲ್ಲಿ ಸಾರ್ವಜನಿಕ ಆಸಕ್ತಿಯ ಸಂಗತಿ ಕಡಿಮೆ ಎಂದು ಬರೆದ ಜೇಮ್ಸ್ ನಾರ್ತ್ ಅದೇ ಮನೆತನದವನು ಎಂಬುದನ್ನು ಇಲ್ಲಿ ನೆನೆಯಬೇಕು. ಅವನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟನೆಂದು ಆರೋಪಿಸುವುದು ಅನಗತ್ಯ. ಒಂದು ಕುಟುಂಬದ ಹೆಂಗಸರು ಕಾಪಾಡಿದ ಬರಹದ ಬೆಲೆಯನ್ನು ನಿರ್ಣಯಿಸುವ ಅಧಿಕಾರ, ಅದೇ ಬರಹದಲ್ಲಿ ಆಪಾದಿತನಾಗಿ ಕಾಣಿಸಿಕೊಂಡವನ ಕುಟುಂಬಕ್ಕೆ ಹೋಗಿತ್ತು ಎಂಬುದಷ್ಟೇ ವಿಷಯ. ಸ್ಥಳೀಯ ಚರಿತ್ರೆಗಳನ್ನು ಆಕರವಾಗಿ ಬಳಸುವವರು ಅವುಗಳ ಕರ್ತೃಗಳ ವಂಶಾವಳಿಯನ್ನೂ ನೋಡುವುದು ಲೇಸು.

ಅಲ್ರಿಕ್ ಅವರ ಗ್ರಂಥದ ಕೊನೆಯ ಭಾಗ ಮಾರ್ಥಾಳ ವೃದ್ಧಾಪ್ಯಕ್ಕೆ ಸಂಬಂಧಿಸಿದುದು. ಬಹುಶಃ ಅತ್ಯಂತ ಮಹತ್ವದ ಭಾಗವೂ ಅದೇ. ಎಫ್ರೇಮ್ ಭೂಮಾಪಕ, ಊರಿನ ಕಂದಾಯ ವಸೂಲಿಯ ಹೊಣೆಯನ್ನೂ ಹೊತ್ತಿದ್ದನು. ವಸೂಲಾಗದ ಹಣಕ್ಕೆ ತಾನೇ ಬಾಧ್ಯನಾಗಿ 1804ರಲ್ಲಿ ಸೆರೆಮನೆ ಸೇರಿದನು. ಒಂದು ವರ್ಷಕ್ಕೂ ಮೀರಿ ಅಲ್ಲಿದ್ದನು. ಗಂಡನ ಸೆರೆವಾಸ ಸರಕಾರಿ ಕಡತದಲ್ಲಿದೆ. ಆ ಅವಧಿಯಲ್ಲಿ ಮನೆಯಲ್ಲಿ ನಡೆದುದು ದಿನಚರಿಯಲ್ಲಿದೆ. ಉರುವಲಿಗೆ ಪರದಾಟ, ಮಗ ಜೊನಾಥನನ ಸಂಸಾರ ಆ ಮನೆಗೇ ಬಂದು ನೆಲೆಸಿದ್ದು, ಎಪ್ಪತ್ತರ ಅಂಚಿನ ಯಜಮಾನಿತಿ ತನ್ನ ಮನೆಯಲ್ಲಿಯೇ ಒಂದು ಮೂಲೆಯವಳಾದದ್ದು, ಮಗನ ಮುಂಗೋಪ. ಹೆಣ್ಣುಮಕ್ಕಳು ಮನೆಯಲ್ಲಿದ್ದಾಗ ಮಗ್ಗ ನಡೆಯುತ್ತಿತ್ತು, ತಾಯಿ ಹೆರಿಗೆಗೆ ಹೊರಡಬಹುದಿತ್ತು. ಅವರು ಮದುವೆಯಾಗಿ ಹೋದಂತೆ ಆಕೆಯ ಕಸುಬಿನ ಸ್ವಾತಂತ್ರ್ಯವೂ ಕುಗ್ಗಿತು ಎಂಬ ಅಲ್ರಿಕ್ ಅವರ ನಿರೂಪಣೆ, ನೇಯ್ಗೆಯ ನಮೂದುಗಳನ್ನೂ ಹೆರಿಗೆಯ ಅಂಕಿಗಳನ್ನೂ ಒಟ್ಟಿಗೆ ಇಟ್ಟು ಓದಿದ್ದರ ಫಲ. ಬಿಡಿಬಿಡಿಯಾಗಿ ಓದಿದ್ದರೆ ಎರಡೂ ಕ್ಷುಲ್ಲಕವೇ. ಆದರೂ ಆಕೆ ಬದುಕಿನ ಕೊನೆಯ ವಸಂತದವರೆಗೂ ಬಸುರಿಯರ ಮನೆಗಳಿಗೆ ಹೋಗುತ್ತಿದ್ದಳು.

ಇಷ್ಟು ಹೇಳಿದ ಮೇಲೆ ಗ್ರಂಥದ ಬಗ್ಗೆ ಕೆಲವು ಆಕ್ಷೇಪಗಳನ್ನೂ ಎತ್ತಬೇಕಾಗುತ್ತದೆ. ಹ್ಯಾಲೊವೆಲ್ಲಿನಲ್ಲಿ ಗಂಡಸರ ಆರ್ಥಿಕತೆಯ ಜೊತೆಗೆ ಹೆಂಗಸರದೇ ಆದ ವಿನಿಮಯದ ಜಾಲವೊಂದು ಸಮಾಂತರವಾಗಿ ಇತ್ತೆಂಬ ಅಲ್ರಿಕ್ ಅವರ ವಾದ ಬಲವಾದುದೇ. ಆದರೆ ಒಂದೇ ದಿನಚರಿಯ ಮೇಲೆ ಇಡೀ ಊರಿನ ಹೆಂಗಸರ ಬದುಕನ್ನು ನಿಲ್ಲಿಸಿದಾಗ, ಬರೆಯಬಲ್ಲವಳ ಕಣ್ಣಿಗೆ ಬೀಳದವರು ಚರಿತ್ರೆಯಿಂದಲೂ ಬೀಳುತ್ತಾರೆ. 1793ರ ಸುಮಾರಿನಲ್ಲಿ ಅದೇ ಊರಿನಲ್ಲಿ ಚಿಕಿತ್ಸೆ ನೀಡುತ್ತಿದ್ದ ಕಪ್ಪು ವರ್ಣೀಯ ವೈದ್ಯೆಯೊಬ್ಬಳ ಉಲ್ಲೇಖ ದಿನಚರಿಯಲ್ಲಿದೆ. ಸಾವಿರಾರು ಹೆಸರುಗಳನ್ನು ತಪ್ಪದೆ ಬರೆದ ಮಾರ್ಥಾ ಅವಳ ಹೆಸರನ್ನು ಬರೆದಿಲ್ಲ. ಜನಗಣತಿ ಮಾರ್ಥಾಳಿಗೆ ಮಾಡಿದ್ದನ್ನು ಮಾರ್ಥಾ ಇನ್ನೊಬ್ಬಳಿಗೆ ಮಾಡಿದಳು ಎನ್ನುವುದು ಕಟುವಾದರೂ ಸುಳ್ಳಲ್ಲ. ಆ ಅನಾಮಧೇಯ ವೈದ್ಯೆಗೆ ಗ್ರಂಥದಲ್ಲಿ ಸಿಕ್ಕಿರುವ ಸ್ಥಳ ಅಲ್ಪ.

'ಮೊದಲಿಗರು' ಎಂಬ ಪದವೂ ಇಲ್ಲಿ ಪರಿಶೀಲನೆಗೆ ಒಳಗಾಗಬೇಕು. ಬ್ಯಾಲರ್ಡ್ ದಂಪತಿಗಳು ಬಂದಿಳಿದ ಕೆನೆಬೆಕ್ ದಂಡೆ ಅಬೆನಾಕಿ ಜನರ ನೆಲ. ಅವರು ಅದನ್ನು ಕುಶ್ನಾಕ್ ಎಂದು ಕರೆಯುತ್ತಿದ್ದರು. ಅಲ್ಲಿ 1754ರಲ್ಲಿ ವೆಸ್ಟರ್ನ್ ಕೋಟೆ ಎದ್ದ ಮೇಲೆ ಇಂಗ್ಲಿಷ್ ವಸಾಹತು ಬಲಗೊಂಡಿತು. ಎಫ್ರೇಮನು ಅಳೆಯುತ್ತಿದ್ದುದು ಕೆನೆಬೆಕ್ ಭೂಮಾಲೀಕರ ಸಂಸ್ಥೆಗಾಗಿ. ಆ ಮಾಲೀಕರನ್ನು ವಿರೋಧಿಸಿದ ಬಡ ವಲಸಿಗರು ಆದಿವಾಸಿಗಳ ವೇಷ ಧರಿಸಿ ಭೂಮಾಪಕರ ಮೇಲೆ ಬೀಳುತ್ತಿದ್ದರು, 1809ರಲ್ಲಿ ಭೂಮಾಪನ ತಂಡದ ಒಬ್ಬನನ್ನು ಕೊಂದರು. ಈ ಸಂಘರ್ಷವನ್ನು ಅಲ್ರಿಕ್ ವಿವರವಾಗಿಯೇ ಚರ್ಚಿಸುತ್ತಾರೆ. ಆದರೆ ವೇಷಕ್ಕೆ ಮಾತ್ರ ಉಳಿದ ಆ ಜನರ ಹೆಂಗಸರ ಹೆರಿಗೆ, ಬಾಣಂತನಗಳು ಯಾವ ದಿನಚರಿಯ ಅಂಚಿನಲ್ಲಿಯೂ ಇಲ್ಲ. ಕುಟುಂಬ ಚರಿತ್ರೆ ಪೂರ್ವಜೆಯೊಬ್ಬಳನ್ನು 'ಮೊದಲಿಗಳು' ಎಂದು ಕರೆದೊಡನೆ ಅವಳಿಗಿಂತ ಮುಂಚಿನವರ ಲೆಕ್ಕ ಮುಚ್ಚಿಹೋಗುತ್ತದೆ. ವಂಶಾಭಿಮಾನದ ಬರಹಗಳಲ್ಲಿ ಇದು ಸಹಜ. ಅದನ್ನು ಮೀರಿದ ಗ್ರಂಥದಿಂದ ಇನ್ನಷ್ಟನ್ನು ನಿರೀಕ್ಷಿಸುವುದು ನ್ಯಾಯವೇ ಆಗಿದೆ.

ಮಾರ್ಥಾಳ ಸಹೋದರಿ ಡೊರೊತಿ ಬಾರ್ಟನ್ ಮನೆತನಕ್ಕೆ ಸೇರಿದವಳು. 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದ ಕ್ಲಾರಾ ಬಾರ್ಟನ್ ಆಕೆಯ ಮೊಮ್ಮಗಳು. ದಿನಚರಿ ಬೆಳಕಿಗೆ ಬಾರದಿದ್ದರೆ ಮಾರ್ಥಾಳ ಹೆಸರು ಈ ಪ್ರಸಿದ್ಧಿಯ ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತೇನೋ. ಪ್ರಸಿದ್ಧರ ಬಂಧುತ್ವದ ಮೂಲಕ ಪೂರ್ವಜೆಯರಿಗೆ ಬೆಲೆ ಕಟ್ಟುವ ಆ ರೂಢಿಯನ್ನು ಅಲ್ರಿಕ್ ಅನುಸರಿಸಲಿಲ್ಲ. ಅವರ ಗ್ರಂಥದ ಬಳಿಕ ಮಾರ್ಥಾಳೇ ಪ್ರಸಿದ್ಧಳಾಗಿದ್ದಾಳೆ: 1997ರಲ್ಲಿ ಆ ಗ್ರಂಥವನ್ನು ಆಧರಿಸಿದ ಚಲನಚಿತ್ರ ಬಂದಿತು, 2023ರಲ್ಲಿ ಏರಿಯಲ್ ಲಾಹನ್ ಅವರ 'ದಿ ಫ್ರೋಜನ್ ರಿವರ್' ಎಂಬ ಕಾದಂಬರಿಗೆ ಆಕೆ ನಾಯಕಿಯಾದಳು. ಕಾದಂಬರಿಗೆ ಬೇಕಾದುದು ನ್ಯಾಯಾಲಯದ ಪ್ರಕರಣ, ಕೊಲೆ, ಹಿಮಗಟ್ಟಿದ ನದಿ. ಬೀಜ ಬಿತ್ತಿದ ದಿನಗಳಿಗೆ ಅಲ್ಲಿ ಹೆಚ್ಚು ಎಡೆ ಇರಲಾರದು.

ಆ ದಿನಗಳನ್ನು ಓದಬಯಸುವವರಿಗೆ ರಾಬರ್ಟ್ ಮತ್ತು ಸಿಂಥಿಯಾ ಮೆಕಾಸ್ಲೆಂಡ್ ದಂಪತಿಗಳು ಅಕ್ಷರಶಃ ಲಿಪ್ಯಂತರಿಸಿದ ಸಮಗ್ರ ಪಾಠ 1992ರಲ್ಲಿಯೇ ಮುದ್ರಣಗೊಂಡಿದೆ. ಅಲ್ರಿಕ್ ಅವರು ಆರಿಸಿಕೊಂಡದ್ದು ಅದರ ಒಂದು ಸಣ್ಣ ಅಂಶವನ್ನು. 816 ಜನನಗಳ ನಮೂದುಗಳಲ್ಲಿ ಕೆನೆಬೆಕ್ ದಂಡೆಯ ನೂರಾರು ಕುಟುಂಬಗಳ ತಾಯಂದಿರು ಇದ್ದಾರೆ. ಪಟ್ಟಣದ ಕಡತಗಳಲ್ಲಿ ಇಂಥವನ ಹೆಂಡತಿ ಎಂದು ಮಾತ್ರ ಉಳಿದ ಹಲವರು ಈ ಪುಟಗಳಲ್ಲಿ ಯಾವ ರಾತ್ರಿ, ಯಾವ ಹವೆಯಲ್ಲಿ, ಯಾವ ನೆರೆಯವಳು ಪಕ್ಕದಲ್ಲಿರಲು ಹೆತ್ತರೆಂಬ ವಿವರಗಳೊಡನೆ ಸಿಗುತ್ತಾರೆ. ಆ ಕುಟುಂಬಗಳ ಸಂತತಿಯವರು ತಮ್ಮ ಪೂರ್ವಜೆಯನ್ನು ಹುಡುಕುತ್ತ ಬಂದರೆ ತಲುಪಬೇಕಾದುದು ಸ್ವಂತ ಮನೆಯ ವಂಶಾವಳಿಯನ್ನಲ್ಲ, ಬೇರೊಬ್ಬಳ ದಿನಚರಿಯ ಎಡ ಅಂಚನ್ನು.